ಕೆಂಪು ಬಂತೆಂದು ಬರೆದವರು

ಅವಳು ತೀರಿಕೊಂಡ ಸುದ್ದಿ ಕೇಳಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಿಂಗಳಾಗುತ್ತ ಬಂದರೂ ಅದು ಇಳಿದಿಲ್ಲ. ಬೈಸಿಕೊಳ್ಳಬೇಕಾದವರಲ್ಲಿ ಬಹಳ ಜನ ಈಗ ಇಲ್ಲ. ಸತ್ತವರನ್ನು ಬೈಯಬಾರದೆಂದು ಹಿರಿಯರು ಹೇಳುತ್ತಿದ್ದರು. ಹಾಗೆ ಹೇಳುವ ಹಿರಿಯರೂ ಉಳಿದಿಲ್ಲ, ಅವರ ಜಾಗದಲ್ಲಿ ಈಗ ನಾನೇ ಇದ್ದೇನೆ.

ನಾವಿಬ್ಬರೂ ಅರವತ್ತರ ದಶಕದಲ್ಲಿ ಒಂದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು. ತರಗತಿಯಲ್ಲಿ ಹುಡುಗಿಯರೆಂದರೆ ನಾವಿಬ್ಬರೇ. ನಾನು ಮುದ್ದೇಬಿಹಾಳದ ದವಾಖಾನೆಯ ಕಾಂಪೌಂಡರನ ಮಗಳು. ಅವಳು ಸಿಂದಗಿ ತಾಲೂಕಿನ ಒಂದು ಹಳ್ಳಿಯ ರೈತರ ಮನೆಯವಳು. ನನ್ನ ತಲೆಯ ಮೇಲೆ ಸೆರಗು, ಅವಳ ಹಣೆಯ ಮೇಲೆ ವಿಭೂತಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುವುದು ಅಲ್ಲಿನ ಹುಡುಗರಿಗೆ ನಾಲ್ಕು ವರ್ಷ ನಗಲು ಸಾಕಾಯಿತು. ಬೇರೆ ಏನನ್ನೂ ಅಷ್ಟು ಶ್ರದ್ಧೆಯಿಂದ ಅವರು ಗಮನಿಸಿದ್ದನ್ನು ನಾನು ಕಾಣಲಿಲ್ಲ.

ಕಾಲೇಜು ಯಾವುದೆಂದು ಬರೆಯುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯ ಹುಡುಗರು ಅಲ್ಲಿಗೆ ಬರುತ್ತಿದ್ದರು, ಹಾಸ್ಟೆಲಿನಲ್ಲಿ ತಾಲೂಕಿನ ಪ್ರಕಾರ ಕೋಣೆ ಹಿಡಿಯುತ್ತಿದ್ದರು ಎಂದಷ್ಟೇ ಹೇಳುತ್ತೇನೆ. ಪ್ರತಿ ತಾಲೂಕಿಗೂ ಒಂದು ಪ್ರಾಕ್ಟಿಕಲ್ ಜರ್ನಲ್ ಇತ್ತು. ಹಿಂದೆ ಯಾವನೋ ಒಬ್ಬ ಪುಣ್ಯಾತ್ಮ ಪ್ರಯೋಗ ಮಾಡಿ, ಅಥವಾ ಮಾಡದೆಯೇ, ಬರೆದಿಟ್ಟದ್ದು. ಮುಂದಿನ ವರ್ಷದವನು ಅದನ್ನು ನೋಡಿ ಇಳಿಸಿಕೊಳ್ಳುತ್ತಿದ್ದ. ಅವನದನ್ನು ನೋಡಿ ಅದರ ಮುಂದಿನವನು. ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಟ್ಟು ಅಳೆಯುವ ಟೈಟ್ರೇಶನ್ನಿನಲ್ಲಿ ಇಂಡಿಯವರಿಗೆ ಯಾವಾಗಲೂ ಒಂಬತ್ತು ಪಾಯಿಂಟ್ ಎಂಟು ಬರುತ್ತಿತ್ತು, ಸಿಂದಗಿಯವರಿಗೆ ಹತ್ತು ಪಾಯಿಂಟ್ ಎರಡು. ಆಮ್ಲವನ್ನು ಯಾರು ಕಲಸಿದರೂ, ಎಷ್ಟು ನೀರು ಹಾಕಿದರೂ ಆ ಅಂಕಿ ಅಲುಗುತ್ತಿರಲಿಲ್ಲ. ಸರ್ ರೀಡಿಂಗ್ ನೋಡಿ, ಮುಖ ಎತ್ತದೆ, "ಇಂಡಿ ಏನೋ ತಮ್ಮಾ?" ಎನ್ನುತ್ತಿದ್ದರು. ಹುಡುಗ ಹೌದ್ರಿ ಸರ್ ಎಂದು ಹಲ್ಲು ಕಿರಿಯುತ್ತಿದ್ದ. ಸಹಿ ಆಗುತ್ತಿತ್ತು.

ಬಾಗೇವಾಡಿಯ ಜರ್ನಲ್ಲಿನ ಕಥೆ ಇನ್ನೂ ಚೆಂದ. ಗ್ಯಾಸ್ ತಯಾರಿಸುವ ಗಾಜಿನ ಸಾಧನವೊಂದಿರುತ್ತದೆ, ಮೂರು ಬುರುಡೆ ಒಂದರ ಮೇಲೊಂದು ಕೂತಂತೆ. ಬಾಗೇವಾಡಿಯವರ ಚಿತ್ರದಲ್ಲಿ ನಾಲ್ಕು ಬುರುಡೆ. ಹಿಂದೊಬ್ಬನ ಪುಟದ ಮೇಲೆ ಚುರುಮುರಿಯ ಎಣ್ಣೆ ಬಿದ್ದು ದುಂಡಗಿನ ಕಲೆಯಾಗಿತ್ತು. ಅವನ ನಂತರದವನು ಅದನ್ನೂ ಪೆನ್ಸಿಲ್ಲಿನಿಂದ ತಿದ್ದಿ ತೀಡಿ ಬರೆದ. ಆ ಸಾಧನ ಅವರ ಕಣ್ಣೆದುರೇ ಕಪಾಟಿನಲ್ಲಿ ಇತ್ತು. ಎಣಿಸಿ ನೋಡಿದವರಿಲ್ಲ. ಎಣಿಸಿದ್ದರೂ ಕಪಾಟಿನದೇ ತಪ್ಪು ಎನ್ನುತ್ತಿದ್ದರೋ ಏನೋ.

ನಮಗೆ ಮಾತ್ರ ಜರ್ನಲ್ ಇರಲಿಲ್ಲ. ನಮಗಿಂತ ಮೊದಲು ಆ ವಿಭಾಗದಲ್ಲಿ ಹುಡುಗಿಯರು ಓದಿರಲಿಲ್ಲ, ಹುಡುಗರ ಹತ್ತಿರ ಕೇಳಿದರೆ ಊರೆಲ್ಲ ಮಾತು. ನನ್ನ ಮಾಮಾನ ಮಗ ಒಂದು ವರ್ಷ ಮುಂದಿದ್ದ. ನಾನು ಉಳಿದುಕೊಂಡಿದ್ದು ಅವರ ಮನೆಯಲ್ಲೇ. ಮೂಲ ನಮ್ಮ ಕಡೆಯವನೇ ಆದ್ದರಿಂದ ಮುದ್ದೇಬಿಹಾಳದ ಜರ್ನಲ್ ಅವನ ಟ್ರಂಕಿನಲ್ಲಿತ್ತು. ಒಮ್ಮೆ ಕೇಳಿದೆ. ಹುಡುಗಿ ಕೈಗೆ ಕೊಟ್ಟನೆಂದು ಗೊತ್ತಾದರೆ ಹಾಸ್ಟೆಲಿನ ಹುಡುಗರು ಯಾರೂ ತನ್ನನ್ನು ಮಾತಾಡಿಸುವುದಿಲ್ಲ ಎಂದು ಟ್ರಂಕಿಗೆ ಬೀಗ ಹಾಕಿದ. ಹೀಗಾಗಿ ನಾವು ಪ್ರಯೋಗಗಳನ್ನು ಮಾಡಲೇಬೇಕಾಯಿತು. ಇಡೀ ತರಗತಿಯಲ್ಲಿ ರಸಾಯನಶಾಸ್ತ್ರ ಕಲಿತವರು ನಾವಿಬ್ಬರೇ ಆದದ್ದು ಈ ಕಾರಣಕ್ಕೆ. ನಮ್ಮ ದೊಡ್ಡಸ್ತಿಕೆ ಏನೂ ಅಲ್ಲ.

ಸರ್ ಬಾಗೇವಾಡಿ ಕಡೆಯವರು, ಅದೇ ಹಾಸ್ಟೆಲಿನಲ್ಲಿ ಇದ್ದು ಓದಿದವರು. ಬೇಸಿಗೆಯಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ಹಳದಿಗಟ್ಟಿದ ನೋಟಿನಿಂದ ಇಂಗ್ಲಿಷಿನಲ್ಲಿ ಓದಿ ಹೇಳುವುದು, ನಾವು ಬರೆದುಕೊಳ್ಳುವುದು. ಪರಮಾಣು, ವೇಲೆನ್ಸಿ, ಆಮ್ಲ, ಪ್ರತ್ಯಾಮ್ಲ ಎಲ್ಲವೂ ಒಂದೇ ದನಿಯಲ್ಲಿ ಬರುತ್ತಿದ್ದವು. ಒಂದು ದಿನ ನೋಟಿನ ಎರಡು ಹಾಳೆ ಅಂಟಿಕೊಂಡಿದ್ದವು. ಅವರು ಅರ್ಧ ವಾಕ್ಯದಿಂದ ಇನ್ನೊಂದು ಅರ್ಧ ವಾಕ್ಯಕ್ಕೆ ಹಾರಿದರು, ನಲವತ್ತು ಜನ ಹಾಗೆಯೇ ಬರೆದುಕೊಂಡರು. ವೇಲೆನ್ಸಿ ಎಂದರೇನೆಂದು ಕೇಳಲು ಎದ್ದು ನಿಂತವಳು ಅವಳು. ಮುಂದೆ ತಿಳಿಯುತ್ತದೆ, ಕೂತುಕೋ ಎಂದರು. ಮುಂದೆ ಯಾರಿಗೂ ತಿಳಿಯಲಿಲ್ಲ. ಅವಳು ಲೈಬ್ರರಿಯಲ್ಲಿ ಕೂತು ತಾನೇ ಓದಿಕೊಂಡು ಬಂದು, ಕಟ್ಟೆಯ ಮೇಲೆ ಹುಣಸೆಬೀಜ ಜೋಡಿಸಿ ನನಗೆ ಹೇಳಿಕೊಟ್ಟಳು. ನಾನು ನಂತರ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಮಕ್ಕಳಿಗೆ ವೇಲೆನ್ಸಿ ಹೇಳಿದ್ದು ಆ ಹುಣಸೆಬೀಜದಿಂದಲೇ. ಪದವಿ ಇದ್ದವರು ಹೇಳಿದ್ದು ಒಂದೂ ಕೆಲಸಕ್ಕೆ ಬರಲಿಲ್ಲ.

ಅವಳಿಗೆ ಇಷ್ಟು ಹಟ ಏಕೆಂದು ಹೇಳಬೇಕು. ಅವಳು ಎಂಟು ವರ್ಷದವಳಿದ್ದಾಗ ಅವಳ ಅಪ್ಪ ತೀರಿಕೊಂಡ. ಕಾಲಿಗೆ ಆದ ಸಣ್ಣ ಗಾಯ ಮಾಯಲಿಲ್ಲ. ಅಪ್ಪ ಒಂದಕ್ಕೆ ಕೂತ ಜಾಗಕ್ಕೆ ಇರುವೆ ಮುತ್ತುತ್ತಿದ್ದವು, ಅದನ್ನು ಅವಳು ನೋಡುತ್ತಿದ್ದಳು. ಮನೆಯವರು ಇರುವೆಗೆ ಬೂದಿ ಹಾಕಿದರು. ಬೇರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಸಕ್ಕರೆ ಮೈಯೊಳಗೆ ಹೇಗೆ ಉರಿಯುತ್ತದೆ, ಉರಿಯದಿದ್ದರೆ ಏನಾಗುತ್ತದೆ ಎಂಬುದನ್ನು ಓದುವ ಶಾಸ್ತ್ರ ಒಂದಿದೆ, ಅದರ ಹೆಸರು ಜೀವರಸಾಯನ ಎಂದು ಅವಳಿಗೆ ತಿಳಿದದ್ದು ಪಠ್ಯಪುಸ್ತಕದ ಕೊನೆಯ ಅಧ್ಯಾಯಗಳಿಂದ. ಅಂದಿನಿಂದ ಒಂದೇ ಮಾತು, ಮುಂಬೈಗೆ ಹೋಗಿ ಅದನ್ನೇ ಓದಬೇಕು.

ಅವಳನ್ನು ಓದಿಸುತ್ತಿದ್ದವರು ಅವಳ ಕಾಕಾ. ಊರಲ್ಲಿ ವಕೀಲರು, ಸಭೆಗಳಲ್ಲಿ ಸ್ತ್ರೀಶಿಕ್ಷಣದ ಬಗ್ಗೆ ಮಾತಾಡುವವರು. ಮನೆಯಲ್ಲಿ ಅವರ ಕರಾರು ಬೇರೆ ಇತ್ತು. ಡಿಗ್ರಿ ಮುಗಿಯುವಾಗ ಒಳ್ಳೆ ಕ್ಲಾಸು ಬಂದರೆ ಮುಂಬೈ. ಒಂದು ವಿಷಯದಲ್ಲಿ ನಪಾಸಾದರೂ ಮಾರನೆಯ ತಿಂಗಳು ಮದುವೆ. ವರ ಮೊದಲೇ ಗೊತ್ತಾಗಿದ್ದ, ಇಂಡಿ ಕಡೆಯ ನಿಂಬೆ ತೋಟದವನು. ಅವಳು ನಗುತ್ತ ಹೇಳುತ್ತಿದ್ದಳು, "ನಿಂಬಿಹಣ್ಣಿನ ಆಮ್ಲದ ಮ್ಯಾಲೆ ಪಾಠ ಹೇಳಾಕ ಅಲ್ಲಿ ಭಾಳ ಅನುಕೂಲ ಐತಿ ನೋಡ."

ಕೊನೆಯ ವರ್ಷ ಸಕ್ಕರೆ, ಕೊಬ್ಬು, ಪ್ರೋಟೀನು, ಜೀರ್ಣರಸ ಇವುಗಳ ಪಾಠ ಬಂತು. ಉಳಿದವರಿಗೆ ಇದು ಅಡುಗೆಮನೆಯ ವಿಷಯ. ಹುಡುಗರು ನಮ್ಮ ಕಡೆ ನೋಡಿ ಇನ್ನು ಇವರದೇ ರಾಜ್ಯ ಎಂದರು. ಅವಳು ಜೋಳದ ರೊಟ್ಟಿಯ ಚೂರನ್ನು ಟಿಫಿನ್ನಿನಿಂದ ತೆಗೆದು ನೀರಲ್ಲಿ ಕಿವುಚಿ ಅಯೊಡಿನ್ ಹನಿಸಿದಳು, ಕಪ್ಪು ನೀಲಿಯಾಯಿತು. ಇನ್ನೊಂದು ನಳಿಕೆಯಲ್ಲಿ ಅದಕ್ಕೇ ತನ್ನ ಉಗುಳು ಸೇರಿಸಿ ಅಂಗೈಯಲ್ಲಿ ಬೆಚ್ಚಗೆ ಹಿಡಿದು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅಯೊಡಿನ್ ಹಾಕಿದರೆ ನೀಲಿ ಇಲ್ಲ. ಪುಸ್ತಕದಲ್ಲಿ ಇದ್ದಂತೆಯೇ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದೇ ಹೊತ್ತಿಗೆ ಸರ್ ಬಂದರು. ಉಗುಳು ಎಂದು ಕೇಳಿದ್ದೇ ಕೋಟಿನ ತೋಳು ಮೇಲೆ ಸರಿಸಿ ಹಿಂದೆ ಸರಿದು, ಹೆಣ್ಣುಮಕ್ಕಳಿಗೆ ಮರ್ಯಾದೆ ಬೇಡವೇ ಎಂದು ಕೇಳಿದರು. ಸಿಪಾಯಿಯನ್ನು ಕರೆದು ಮೇಜು ಮೂರು ಸಲ ತೊಳೆಸಿದರು. ಅವರ ಬಾಯಲ್ಲಿ ಆಗ ಎಲೆ ಅಡಿಕೆ ಇತ್ತು, ಸಿಂಕಿನಲ್ಲಿ ಅದರ ಕೆಂಪು ಕಲೆ ಇತ್ತು.

ಇನ್ನು ಆ ಬಾಟಲಿಯ ವಿಷಯ. ಸಕ್ಕರೆಗಳನ್ನು ಗುರುತಿಸುವ ಪ್ರಯೋಗದಲ್ಲಿ ಫೇಲಿಂಗ್ ದ್ರಾವಣ ಎಂಬ ನೀಲಿ ದ್ರಾವಣವಿರುತ್ತದೆ. ಗ್ಲುಕೋಸ್ ಹಾಕಿ ಕುದಿಸಿದರೆ ಇಟ್ಟಿಗೆಯ ಕೆಂಪು ಗಸಿ ತಳಕ್ಕೆ ಕೂರಬೇಕು. ಚಹಾಕ್ಕೆ ಹಾಕುವ ಕಬ್ಬಿನ ಸಕ್ಕರೆ ಹಾಕಿದರೆ ಏನೂ ಆಗುವುದಿಲ್ಲ, ನೀಲಿ ನೀಲಿಯಾಗಿಯೇ ಇರುತ್ತದೆ. ನಾವು ಗ್ಲುಕೋಸ್ ಎಂದು ಚೀಟಿ ಅಂಟಿಸಿದ ಬಾಟಲಿಯಿಂದ ಪುಡಿ ಹಾಕಿ ಕುದಿಸಿದೆವು. ನೀಲಿ. ಮತ್ತೆ ಕುದಿಸಿದೆವು. ನೀಲಿ. ಸುತ್ತಲಿನ ನಲವತ್ತು ಹುಡುಗರು ದೀಪವನ್ನೂ ಹಚ್ಚದೆ ಕೆಂಪು ಬಂತೆಂದು ಬರೆದು ಪುಸ್ತಕ ಮುಚ್ಚಿದ್ದರು.

ಅವಳು ಸರ್ ಹತ್ತಿರ ನಳಿಕೆ ಹಿಡಿದುಕೊಂಡು ಹೋದಳು.

"ನಿಮ್ಮ ಕೈ ಹಸಿ ಇರ್ತಾವ. ನಳಿಗಿ ಒರಿಸಿರಂಗಿಲ್ಲ."

"ಒರಿಸೇವ್ರಿ ಸರ್. ನಾಲ್ಕು ಸಲ ಮಾಡೇವ್ರಿ."

"ನೋಡವಾ, ಬಾಟಲಿ ಮ್ಯಾಲೆ ಏನ್ ಬರದೈತಿ? ಓದಾಕ ಬರ್ತದಿಲ್ಲೋ? ಗ್ಲುಕೋಸ್ ಅಂತ ಬರದ ಮ್ಯಾಲೆ ಕೆಂಪು ಬರ್ತೈತಿ."

ನಾನು ಆ ಪುಡಿಯನ್ನು ಒಂದಿಷ್ಟು ಕಾಗದದಲ್ಲಿ ಕಟ್ಟಿಕೊಂಡು ರಜೆಗೆ ಊರಿಗೆ ಹೋದೆ. ಅಬ್ಬಾ ದವಾಖಾನೆಯಲ್ಲಿ ಮೂತ್ರದ ಸಕ್ಕರೆ ನೋಡಲು ಅಂಥದೇ ನೀಲಿ ನೀರು ಇಟ್ಟುಕೊಂಡಿದ್ದರು. ಮೊದಲು ದವಾಖಾನೆಯ ಡಬ್ಬಿಯ ಗ್ಲುಕೋಸ್ ಹಾಕಿ ಕುದಿಸಿದರು, ಕೆಂಪು ಬಂತು. ಆ ಬಣ್ಣವನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ನಂತರ ಕಾಲೇಜಿನ ಪುಡಿ ಹಾಕಿದರು, ನೀಲಿ. ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು, "ಇದು ಚಾದ ಸಕ್ಕರಿ, ಬೇಟಿ. ಇದಕ್ಕ ಕಾಲೇಜು ಯಾಕ ಬೇಕು," ಎಂದರು. ಅಬ್ಬಾ ಓದಿದ್ದು ಏಳನೆಯ ಇಯತ್ತೆ.

ತಿರುಗಿ ಬಂದ ಮೇಲೆ ಅವಳು ಲ್ಯಾಬಿನ ಸಿಪಾಯಿಯನ್ನೇ ಕೇಳಿದಳು. ಅವನು ಏನನ್ನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಇದರಲ್ಲಿ ಇದೆಯೆಂದು ಅವನಿಗೆ ಅನಿಸಿಯೇ ಇರಲಿಲ್ಲ. "ಗ್ಲುಕೋಸ್ ಅಂದ್ರ ಸಕ್ಕರಿನ ಅಲ್ಲೇನ್ರಿ ಬಾಯಿ? ಮೂರು ವರ್ಷದ ಹಿಂದ ಡಬ್ಬಿ ಖಾಲಿ ಆತು. ಬರದು ಕಳಿಸಿದ್ರ ಮಾಲು ಬರಲಿಲ್ಲ. ಚಾದ ಸಕ್ಕರಿ ಕುಟ್ಟಿ, ವಸ್ತ್ರಗಾಳ ಹಿಡದು ಹಾಕೇನಿ. ಇಲ್ಲೀತನಕ ಯಾರೂ ಏನೂ ಅಂದಿಲ್ಲ."

ತೆಳು ಬಟ್ಟೆಯಲ್ಲಿ ಸೋಸಿ ವಸ್ತ್ರಗಾಳ ಹಿಡಿದಿದ್ದನಂತೆ. ಅವನ ಕೆಲಸದಲ್ಲಿ ಅವನು ನಮ್ಮ ಸರ್‌ಗಿಂತ ಪ್ರಾಮಾಣಿಕ. ಮೂರು ವರ್ಷ, ನಾಲ್ಕು ತಾಲೂಕಿನ ಹುಡುಗರು, ಚಹಾದ ಸಕ್ಕರೆಯಲ್ಲಿ ಕೆಂಪು ಕಂಡಿದ್ದರು. ಕಂಡವರಿಗೆ ಮಾರ್ಕು ಬಿದ್ದಿದ್ದವು. ಅವರಲ್ಲಿ ಕೆಲವರು ಆಗಲೇ ಮೇಷ್ಟರಾಗಿದ್ದರು.

ಅವಳು ಮತ್ತೆ ಸರ್ ಹತ್ತಿರ ಹೋದಳು, ಈ ಸಲ ನಾನೂ ಜೊತೆಗೆ. ಸಿಪಾಯಿ ಹೇಳಿದ್ದನ್ನು ಹೇಳಿದೆವು. ಅವರು, ಹಾಗಾದರೆ ಮೂರು ವರ್ಷ ತಾವು ಪಾಸು ಮಾಡಿದವರೆಲ್ಲ ಸುಳ್ಳರೇ ಎಂದು ಕೇಳಿದರು. ಹೌದು ಎನ್ನುವುದು ಬಿಟ್ಟು ಬೇರೆ ಉತ್ತರವಿರಲಿಲ್ಲ, ಆದರೆ ಅವಳು ಹಾಗೆನ್ನಲಿಲ್ಲ. ಬಾಟಲಿ ಬದಲಿಸಿದರೆ ಸಾಕು ಎಂದಳು. ಪರೀಕ್ಷೆ ಹತ್ತಿರ ಬಂದಿದೆ, ತಲೆ ಕೆಡಿಸಿಕೊಳ್ಳದೆ ಓದಿರಿ ಎಂದು ಕಳಿಸಿದರು. ಬಾಟಲಿ ಅಲ್ಲೇ ಉಳಿಯಿತು.

ಪರೀಕ್ಷೆಗೆ ಒಂದು ವಾರವಿದ್ದಾಗ, ಕಾಲೇಜಿನ ಹಿಂದಿನ ಬೇವಿನ ಗಿಡದ ಕೆಳಗೆ ಕೂತು ನಾವು ಮಾತಾಡಿದೆವು. ಆ ಬಾಟಲಿಯ ಪುಡಿಯೇ ಪರೀಕ್ಷೆಗೆ ಬಂದರೆ ಏನು ಬರೆಯುವುದು? ಗ್ಲುಕೋಸ್ ಎಂದು ಬರೆದುಬಿಡು ಎಂದು ನಾನು ಹೇಳಿದೆ. ನಿನ್ನ ಮುಂಬೈ ಅದರ ಮೇಲೆ ನಿಂತಿದೆ, ಒಂದು ಪದಕ್ಕಾಗಿ ಕಳೆದುಕೊಳ್ಳಬೇಡ ಎಂದೆ. ಅವಳು ಕಡ್ಡಿಯಿಂದ ಮಣ್ಣು ಕೆದರುತ್ತ ಕೂತಿದ್ದಳು.

"ಇದನ್ನ ಸುಳ್ಳ ಬರದು ಮುಂಬೈಕ ಹೋಗಿ ಏನ್ ಓದಲಿ ಲೇ? ಅಲ್ಲಿನೂ ಸುಳ್ಳಽ ಓದಬೇಕಾಗತೈತಿ. ನಮ್ಮಪ್ಪಗ ಏನ್ ಆಗಿತ್ತು ಅಂತ ತಿಳಕೊಳ್ಳಾಕ ಹೊಂಟೇನಿ ನಾ."

"ಅವರು ಸೊನ್ನಿ ಹಾಕ್ತಾರ."

"ಒಬ್ಬಾಕಿ ಬರದ್ರ ಹಾಕ್ತಾರ. ಇಬ್ಬರೂ ಬರದ್ರ ಹೊರಗಿನ ಪರೀಕ್ಷಕ ಬಾಟಲಿ ತರಿಸಿ ನೋಡಬೇಕಾಗತೈತಿ. ನೀ ಬರೀತಿಯೋ ಇಲ್ಲೋ, ಅಷ್ಟ ಹೇಳು."

ಬರೀತೇನಿ ಎಂದೆ. ಅವಳು ನನ್ನ ಕೈಯನ್ನು ಹಿಡಿದು ಒಮ್ಮೆ ಅಲ್ಲಾಡಿಸಿ ಬಿಟ್ಟಳು, ಗಂಡಸರು ದನದ ಸಂತೆಯಲ್ಲಿ ಮಾಡುವಂತೆ. ಆಮೇಲೆ ಇಬ್ಬರೂ ನಕ್ಕೆವು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಬಂದವರಿಗೆ ಬೆಳಿಗ್ಗೆಯೇ ಗಿರಮಿಟ್ಟು, ಮಿರ್ಚಿ, ಚಹಾ ಆಯಿತು. ಅವರ ಕುರ್ಚಿ ಕಿಟಕಿಯ ಹತ್ತಿರ ಗಾಳಿಗೆ. ಯಾವ ನಂಬರಿನ ಪೊಟ್ಟಣದಲ್ಲಿ ಯಾವ ವಸ್ತು ಇದೆ ಎಂಬ ಪಟ್ಟಿ ಸರ್ ಕೈಯಲ್ಲಿತ್ತು. ಹುಡುಗಿಯರಿಬ್ಬರಿಗೆ ಬೇರೆ ಬೇರೆ ಕೊಡುವ ತೊಂದರೆ ಏಕೆಂದು ಒಂದೇ ಬಾಟಲಿಯ ಪುಡಿಯನ್ನು ಎರಡು ಪೊಟ್ಟಣ ಮಾಡಿ ಕೊಟ್ಟರು. ಬಿಚ್ಚಿ ನೋಡಿದೊಡನೆ ಗೊತ್ತಾಯಿತು. ಆ ಪುಡಿಯನ್ನು ನಾವು ಎಷ್ಟು ಸಲ ನೋಡಿರಲಿಲ್ಲ.

ನಾವು ಎದುರುಬದುರು ನಿಂತು ಕೆಲಸ ಮಾಡಿದೆವು, ಮಾತಾಡುವಂತಿರಲಿಲ್ಲ. ನನ್ನ ನಳಿಕೆ ನೀಲಿ, ಅವಳದೂ ನೀಲಿ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಇನ್ನೊಂದು ನಳಿಕೆಯಲ್ಲಿ ಪುಡಿಯ ದ್ರಾವಣಕ್ಕೆ ಎರಡು ಹನಿ ಆಮ್ಲ ಹಾಕಿ ಕುದಿಸಿದಳು. ಕಬ್ಬಿನ ಸಕ್ಕರೆಯಾದರೆ ಅದು ಒಡೆದು ಅದರೊಳಗಿನ ಗ್ಲುಕೋಸ್ ಹೊರಗೆ ಬರುತ್ತದೆ. ಆಮ್ಲವನ್ನು ಸೋಡಾದಿಂದ ಕೊಂದು ಮತ್ತೆ ನೀಲಿ ದ್ರಾವಣದಲ್ಲಿ ಕುದಿಸಿದಳು. ಕೆಂಪು ಬಂತು. ಬಹುಶಃ ಆ ಕೋಣೆಯಲ್ಲಿ ಮೂರು ವರ್ಷದಲ್ಲಿ ಮೊದಲ ಸಲ ನಿಜವಾಗಿ ಬಂದ ಕೆಂಪು. ಅವಳು ನಳಿಕೆಯನ್ನು ಸ್ವಲ್ಪ ಎತ್ತಿ ನನಗೆ ಕಾಣುವಂತೆ ಹಿಡಿದಳು. ನಾನು ನೋಡಿದೆ, ತಲೆ ಆಡಿಸಿದೆ.

ಆಮೇಲೆ ಉತ್ತರದ ಹಾಳೆ ತೆಗೆದುಕೊಂಡೆ. ಸರ್ ನನ್ನ ಹಿಂದೆ ಬಂದು ನಿಂತಿದ್ದರು. ಎಲೆ ಅಡಿಕೆಯ ವಾಸನೆಯಷ್ಟೇ ಬರುತ್ತಿತ್ತು. ನನಗೆ ಮುಂಬೈ ಇರಲಿಲ್ಲ, ನನಗೆ ಗೊತ್ತುಮಾಡಿದ ವರ ಇರಲಿಲ್ಲ. ಪಾಸಾದರೆ ಊರ ಹೈಸ್ಕೂಲಿನಲ್ಲಿ ಒಂದು ನೌಕರಿ, ನಪಾಸಾದರೆ ಅಬ್ಬಾ ಇನ್ನೊಂದು ವರ್ಷ ಓದಿಸುತ್ತಿದ್ದರು. ನಾನು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ಭಯಕ್ಕೆ ಕಾರಣ ಹುಡುಕಿ ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೆಂಪು ಗಸಿ ಬಂತು, ವಸ್ತು ಗ್ಲುಕೋಸ್ ಎಂದು ಬರೆದೆ. ಅಕ್ಷರ ಬಹಳ ದುಂಡಗೆ ಬಂದವು.

ಮೌಖಿಕ ಪರೀಕ್ಷೆಯಲ್ಲಿ ಮೊದಲು ಅವಳು ಹೋಗಿ ಬಂದಳು. ನಂತರ ನಾನು. ಹೊರಗಿನ ಪರೀಕ್ಷಕರು ಕೆಟ್ಟವರಲ್ಲ. ಅವರು ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡಿದ್ದರು. ಇನ್ನೊಬ್ಬ ಹುಡುಗಿ ಇದು ಕಬ್ಬಿನ ಸಕ್ಕರೆ ಎನ್ನುತ್ತಾಳೆ, ನನ್ನ ಗೆಳತಿಯನ್ನೂ ಕೇಳಿ ನೋಡಿ ಎನ್ನುತ್ತಾಳೆ, ಒಂದೇ ಬಾಟಲಿಯ ಪುಡಿ ಹೌದೋ ಅಲ್ಲವೋ, ನಿನಗೇನು ಕಂಡಿತು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು. ಅಂದರೆ ಅವಳು ಲೆಕ್ಕ ಹಾಕಿದಂತೆಯೇ ನಡೆದಿತ್ತು. ಅವರು ನೋಡಲು ತಯಾರಿದ್ದರು. ನನ್ನ ಒಂದು ಮಾತು ಸಾಕಿತ್ತು. ಸರ್ ಬದಿಯ ಕುರ್ಚಿಯಲ್ಲಿ ಕೂತು ಪೆನ್ನಿನ ಟೋಪಿ ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ನಾನು ಕೆಂಪು ಬಂತು ಸರ್ ಎಂದೆ. ಪರೀಕ್ಷಕರು ಒಂದು ಕ್ಷಣ ನನ್ನ ಮುಖ ನೋಡಿ, ಹೋಗು ಎಂದರು.

ಹೊರಗೆ ಜಗಲಿಯ ಮೇಲೆ ಅವಳು ಕಾಯುತ್ತಿದ್ದಳು. ಏನ್ ಕೇಳಿದ್ರು ಎಂದಳು. ಅದನ್ನೇ ಕೇಳಿದರು ಎಂದೆ. "ಏನಂದಿ?" ಎಂದಳು. ಕಂಡದ್ದು ಹೇಳಿದೆ ಎಂದೆ. ಮೊದಲನೆಯದಕ್ಕಿಂತ ಈ ಸುಳ್ಳು ಬಹಳ ಸುಲಭವಾಗಿ ಬಂತು.

ಫಲಿತಾಂಶ ಬಂದಾಗ ಅವಳು ಥಿಯರಿಯ ಎಲ್ಲ ಪತ್ರಿಕೆಯಲ್ಲೂ ನಮ್ಮೆಲ್ಲರಿಗಿಂತ ಮುಂದಿದ್ದಳು. ಪ್ರಾಕ್ಟಿಕಲ್‌ನಲ್ಲಿ ನಪಾಸು. ನಾನು ಸೆಕೆಂಡ್ ಕ್ಲಾಸಿನಲ್ಲಿ ಪಾಸು. ನೋಟಿಸ್ ಬೋರ್ಡಿನ ಮುಂದೆ ಅವಳು ನನ್ನ ನಂಬರನ್ನು ಎರಡು ಸಲ ಓದಿದಳು. ನಿನ್ನನ್ನು ಹೇಗೆ ಬಿಟ್ಟರು ಎಂದು ಕೇಳಿದಳು, ಸಂಶಯದಿಂದಲ್ಲ, ಆಶ್ಚರ್ಯದಿಂದ. ಏನೋ ಗೊತ್ತಿಲ್ಲ, ನಸೀಬು ಎಂದೆ. ಒಬ್ಬರಾದರೂ ದಾಟಿದೆವಲ್ಲ ಎಂದು ಬೆನ್ನು ತಟ್ಟಿದಳು. ಅವಳ ಕಾಕಾ ಕರಾರಿನ ಮನುಷ್ಯ. ಮತ್ತೆ ಪರೀಕ್ಷೆಗೆ ಕೂರಲು ಆರು ತಿಂಗಳು ಬೇಕಿತ್ತು, ಅವರು ಒಂದು ತಿಂಗಳು ಎಂದಿದ್ದರು, ಒಂದೇ ತಿಂಗಳಿಗೆ ಮದುವೆ ಮಾಡಿದರು. ಆ ಮದುವೆಯ ಮಂಟಪದಲ್ಲಿ ಸ್ತ್ರೀಶಿಕ್ಷಣದ ಬಗ್ಗೆ ಯಾರೋ ಒಬ್ಬರು ಮಾತಾಡಿದರು ಎಂದರೆ ಈಗ ಯಾರೂ ನಂಬಲಿಕ್ಕಿಲ್ಲ. ಸರ್ ಕೂಡ ಬಂದಿದ್ದರು. ಕೋಟು ಹಾಕಿಕೊಂಡೇ ಊಟಕ್ಕೆ ಕೂತಿದ್ದರು.

ನಾನು ಹೈಸ್ಕೂಲಿಗೆ ಸೇರಿದೆ. ಸರಿಯಾಗಿ ಪ್ರಯೋಗ ಮಾಡಿಸುವ ಟೀಚರ್, ಊರವರ ಬಾಯಲ್ಲಿ ಅಕ್ಕೋರು, ಎಂದು ಹೆಸರಾಯಿತು. ಯಾರಾದರೂ ನೋಡದೆ ಬರೆದರೆ ಹೊಡೆಯುತ್ತಿದ್ದೆ. ಬೆರಳ ಗಿಣ್ಣಿನ ಮೇಲೆ, ರೂಲಿನ ಅಂಚಿನಿಂದ. ನಿವೃತ್ತಿಯ ದಿನ ಸತ್ಯನಿಷ್ಠೆಯ ಬಗ್ಗೆ ನಾಲ್ಕು ಜನ ನನ್ನನ್ನು ಹೊಗಳಿದರು. ನಾನು ಶಾಲು ಹೊದ್ದುಕೊಂಡು ಕೂತು ಕೇಳಿದೆ.

ಅವಳು ಇಂಡಿಯ ಕಡೆ ನಿಂಬೆ ತೋಟದಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಇದ್ದಳು. ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳಬೇಕು ಎಂದುಕೊಂಡೇ ಬಸ್ಸು ಹತ್ತುತ್ತಿದ್ದೆ. ಅವಳ ಗಂಡ ಒಳ್ಳೆಯವನೇ. ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು. ಹಾಗಿದ್ದ ಮೇಲೆ ಏನು ನಷ್ಟವಾಯಿತು ಎಂದು ಹೇಳುವವರಿದ್ದಾರೆ, ನಾನೂ ನನಗೆ ಹಾಗೆ ಹೇಳಿಕೊಂಡಿದ್ದೇನೆ. ಒಂದು ಸಲ ಹೋದಾಗ ಅವಳು ಮಗಳ ಹಳೆಯ ಶಾಲೆಯ ನೋಟಿನ ಹಿಂದಿನ ಹಾಳೆಗಳಲ್ಲಿ ಸಕ್ಕರೆ ಉರಿಯುವ ಕ್ರಮವನ್ನು ನೆನಪಿನಿಂದ ಬರೆದಿದ್ದಳು. ಒಂಬತ್ತನೆಯ ಹಂತದ ಮುಂದೆ ನೆನಪಾಗುತ್ತಿಲ್ಲ, ನಿನ್ನ ಹತ್ತಿರ ಪುಸ್ತಕ ಇದ್ದರೆ ನೋಡಿ ಹೇಳು ಎಂದಳು. ನನ್ನ ಹತ್ತಿರ ಪುಸ್ತಕ ಇರಲಿಲ್ಲ. ತರುತ್ತೇನೆ ಎಂದೆ. ಅದನ್ನೂ ಒಯ್ಯಲಿಲ್ಲ.

ಕೊನೆಗೆ ಅವಳು ಹೋದದ್ದು ಸಕ್ಕರೆಯಿಂದಲ್ಲ, ಎದೆನೋವಿನಿಂದ. ಮೂರನೆಯ ದಿನ ನಾನು ಇಂಡಿಗೆ ಹೋದೆ. ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಅವಳ ಮಗಳಿಗೂ ಈಗ ಐವತ್ತು ದಾಟಿದೆ. ಹುಟ್ಟಿದಾಗಿನಿಂದ ನನ್ನನ್ನು ತಾಯಿಯ ತಂಗಿಯಂತೆ ಮೌಶಿ ಎಂದೇ ಕರೆದವಳು. ನನ್ನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಬಂದವರಿಗೆಲ್ಲ ಗುರುತು ಹೇಳಿದಳು.

"ಅವ್ವನ ಕಾಲೇಜಿನ ಗೆಳತೀರಿ ಇವರು. ಅವ್ವ ಯಾವಾಗ್ಲೂ ಹೇಳಾಕಿ, ಪರೀಕ್ಷಾದಾಗ ಊರ ಮಂದಿ ಎಲ್ಲಾ ಸುಳ್ಳ ಬರದ್ರು, ನಾವಿಬ್ಬರ ಖರೇ ಬರದ್ವಿ ಅಂತ. ನಮ್ಮವ್ವಂದು ನಸೀಬ ಖೊಟ್ಟಿ, ಮೌಶೀದು ಚಲೋ. ಅಷ್ಟ."

ಹೆಂಗಸರು ನನ್ನನ್ನು ಗೌರವದಿಂದ ನೋಡಿದರು. ಯಾರೋ ಚಾಪೆ ಸರಿಸಿದರು, ನಾವಿಬ್ಬರೂ ಕೂತೆವು. ಐವತ್ತೆಂಟು ವರ್ಷ ಅವಳು ನನ್ನನ್ನು ಹೀಗೆ ಊರಿಗೆಲ್ಲ ತೋರಿಸಿದ್ದಳು. ನನಗೆ ಆ ಗೌರವ ಸಹಿಸಲು ಆಗಲಿಲ್ಲ, ಅಷ್ಟೇ. ಧೈರ್ಯ ಬಂತೆಂದು ಯಾರೂ ತಿಳಿಯಬಾರದು.

"ನಾ ಬರದಿಲ್ಲವ್ವಾ," ಎಂದೆ. "ನಿಮ್ಮವ್ವ ಒಬ್ಬಾಕೀನ ಬರದ್ಲು. ನಾ ಸುಳ್ಳ ಬರದೆ. ಕೇಳಿದಾಗೂ ಸುಳ್ಳ ಹೇಳಿದೆ. ನಾ ಖರೇ ಹೇಳಿದ್ರ ಆಕಿ ಪಾಸಾಗ್ತಿದ್ಲು."

ಮಗಳು ನನ್ನ ಕೈ ಬಿಟ್ಟಳು, ಜೋರಾಗಿ ಅಲ್ಲ. ಬೇರೆಯವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ, ಅವಳಿಗೆ ಪೂರ್ತಿ ಅರ್ಥವಾಯಿತು. ತಾಯಿಯ ಮಗಳು.

"ಅವ್ವಗ ಹೇಳೀರೇನ್ರಿ?"

"ಇಲ್ಲ."

"ಮತ್ತ ನನಗ್ಯಾಕ ಹೇಳಾಕತ್ತೀರಿ?"

ಅವಳು ಎದ್ದು ಅಡುಗೆಮನೆಗೆ ಹೋದಳು. ನಾನು ಒಂದಿಷ್ಟು ಹೊತ್ತು ಅದೇ ಚಾಪೆಯ ಮೇಲೆ ಕೂತಿದ್ದೆ. ಚಹಾ ತಂದುಕೊಟ್ಟದ್ದು ಸೊಸೆ. ಕುಡಿದು ಎದ್ದೆ.

ಬಾಗಿಲವರೆಗೆ ಮಗಳು ಬಂದಳು, ಆ ಮನೆಯ ರೀತಿಯನ್ನು ಅವಳು ಬಿಡುವವಳಲ್ಲ. ನನ್ನ ಶಾಲೆಯ ಮಕ್ಕಳು, ಅವರ ತಾಯಂದಿರು, ಬಸ್ಸಿನಲ್ಲಿ ಸಿಗುವ ಗುರುತಿನವರು ನನ್ನನ್ನು ಹೇಗೆ ಕರೆಯುತ್ತಾರೋ ಹಾಗೆಯೇ ಅವಳೂ ಕರೆದಳು.

"ಹೋಗಿ ಬರ್ರಿ, ಅಕ್ಕೋರ," ಎಂದಳು.